ಪಡಸಾಲೆಯ ಮೀನು, ಹಿತ್ತಲ ನೀರು

ಮಸೂತಿಯ ನಮ್ಮ ಮನೆಯಲ್ಲಿ ನೀರೆಂದರೆ ಕೊಡದ ಲೆಕ್ಕ. ನಾನು ಹುಡುಗನಿದ್ದಾಗ ಹರವಿಗೆ ಸುರಿಯುವಾಗ ಒಂದು ಚರಿಗೆ ನೀರು ಚೆಲ್ಲಿದರೂ ಅವ್ವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಂಥ ಮನೆಯ ಪಡಸಾಲೆಯಲ್ಲಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ ಇಟ್ಟು ಮೀನು ಸಾಕುತ್ತೇನೆಂದು ಮೊಮ್ಮಗ ಹಟ ಹಿಡಿದ. ಹೆಚ್ಚುಕಡಿಮೆ 680 ಲೀಟರು ನೀರು! ಅವ್ವ ಇದ್ದಿದ್ದರೆ ಏನೆನ್ನುತ್ತಿದ್ದಳೋ.

ನಮ್ಮ ಮನೆಯಾಕೆ ಮಾತ್ರ ಒಂದೇ ಕರಾರು ಹಾಕಿದಳು: "ಮೀನ ಬೇಕಾದ್ರ ಇರ್ಲಿ, ಪಡಸಾಲ್ಯಾಗ ಹಗಲು ರಾತ್ರಿ ಆ ಮೋಟರ್ ಗುರ್ ಅನ್ನೂದು ಬ್ಯಾಡ." ಅದಕ್ಕೆ ಮೊಮ್ಮಗ ಉಪಾಯ ತೆಗೆದ. ತೊಟ್ಟಿಯ ಮೇಲಂಚಿನಿಂದ ಉಕ್ಕಿದ ನೀರು ಕೊಳವೆಯಲ್ಲಿ ಇಳಿದು ನಲವತ್ತು ಅಡಿ ಆಚೆ, ಜೋಳದ ಚೀಲ ಇಡುವ ಹಿತ್ತಲ ಕೋಣೆಯ ಸಂಪಿಗೆ ಹೋಗಬೇಕು. ಅಲ್ಲಿ ಸ್ಪಂಜು, ಹರಳುಗಳಲ್ಲಿ ಸೋಸಿದ ನೀರನ್ನು ಪಂಪು ಮತ್ತೆ ಪಡಸಾಲೆಗೆ ಕಳಿಸಬೇಕು. ಪಂಪಿನ ಮಾತು ಹುಡುಗನಿಗೆ ಹೊಸದಲ್ಲ. ಕೃಷ್ಣೆಯ ನೀರನ್ನು ಮೇಲಕ್ಕೆತ್ತುವ ಮುಳವಾಡ ಏತ ನೀರಾವರಿಯ ಜಾಕ್‌ವೆಲ್ ನಮ್ಮೂರಲ್ಲೇ ಇದೆ.

"ಇದೇನ ಹೊಸಾದಲ್ಲೋ ತಮ್ಮಾ" ಎಂದು ನಾನು ನನ್ನ ಹಳೆಯ ಪುರಾಣ ಬಿಚ್ಚಿದೆ. ವಿಜಯಪುರದಿಂದ ಸಿಂದಗಿಯ ದಾರಿ ಹಿಡಿದರೆ ಕುಮಟಗಿ ಸಿಗುತ್ತದೆ. ಅಲ್ಲಿ ಆದಿಲ್‌ಶಾಹಿ ಅರಸರ ವಿಹಾರದ ಮಂಟಪಗಳಿವೆ. ಕೆರೆಯ ನೀರನ್ನು ಮೊದಲು ಒಂದು ಗೋಪುರದ ತಲೆಗೆ ಎತ್ತಿ, ಅಲ್ಲಿಂದ ಕೊಳವೆಯಲ್ಲಿ ಮಂಟಪಕ್ಕೆ ಹರಿಸಿ, ಮೇಲ್ಛಾವಣಿಯ ರಂಧ್ರಗಳಿಂದ ಮಳೆಯಂತೆ ಸುರಿಸುತ್ತಿದ್ದರು. ಕೆಳಗೆ ನಿಂತವನಿಗೆ ಕಾಣುವುದು ಮಳೆ. ನೀರೆತ್ತುವ ಗದ್ದಲ ದೂರದಲ್ಲಿ. ನಮ್ಮ ಮನೆಯಾಕೆಯ ಕರಾರೂ ಅದೇ ತಾನೆ?

ಆದರೆ ನನ್ನ ಪ್ರೀತಿ ಇರುವುದು ಬೇಗಂ ತಲಾಬಿನ ಮೇಲೆ. ನಗರದ ದಕ್ಷಿಣಕ್ಕಿರುವ ಆ ಕೆರೆ ಮುಹಮ್ಮದ್ ಆದಿಲ್ ಶಹಾನ ಕಾಲದ್ದು, 1651ರದು. ಅದಕ್ಕೂ ಮೊದಲು ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ಬರುತ್ತಿತ್ತು. ಊರು ಬೆಳೆದು ಅದು ಸಾಲದಾಯಿತು. ಬೇಗಂ ತಲಾಬಿನ ನೀರು ಬಂದದ್ದು ಮಣ್ಣಿನ ಕೊಳವೆಗಳಲ್ಲಿ. ಒಂದರ ಬಾಯಿಗೆ ಒಂದು ಕೂಡಿಸಿ, ಸುತ್ತ ಗಾರೆ ಕಲ್ಲಿನ ಕವಚ ಕಟ್ಟಿ, ಕೆಲವೆಡೆ 15 ಅಡಿ, ಕೆಲವೆಡೆ 50 ಅಡಿ ಆಳದಲ್ಲಿ ಹೂತಿದ್ದರು. ಸುಟ್ಟ ಮಣ್ಣು ಎಷ್ಟು ಒತ್ತಡ ತಾಳೀತು? ಅದಕ್ಕೇ ದಾರಿಯುದ್ದಕ್ಕೂ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರ ಎಬ್ಬಿಸಿದರು. ಜನ ಅವಕ್ಕೆ ಗಂಜ್ ಎನ್ನುತ್ತಾರೆ. ಕೊಳವೆಯ ನೀರು ಗಂಜಿನೊಳಗೆ ಏರುತ್ತದೆ, ಅಲ್ಲಿ ಅದರ ಒತ್ತಡ ಮುರಿಯುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ಗಾಳಿಗೂ ದಾರಿಯಾಗುತ್ತದೆ. ಆಮೇಲೆ ನೀರಿನ ಮುಂದಿನ ಪಯಣ. ಅಸಾರ್ ಮಹಲಿನ ಹೊಂಡಕ್ಕೆ ನೀರು ಬಂದದ್ದು ಈ ತಲಾಬಿನಿಂದಲೇ. ಗೋಳಗುಮ್ಮಟ ನೋಡಿ ಬಸ್ಸು ಹತ್ತುವವರಲ್ಲಿ ನೂರಕ್ಕೆ ಒಬ್ಬರೂ ಗಂಜಿನ ಕಡೆ ತಿರುಗಿ ನೋಡುವುದಿಲ್ಲ ಎಂಬುದು ನನ್ನ ಹಳೆಯ ಸಂಕಟ.

ಮೀನಿಗಾಗಿ ಇದೇ ದಾರಿ ಹಿಡಿದವನು ಇಂಗ್ಲೆಂಡಿನ ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ತೆರೆದ ಮತ್ಸ್ಯಾಲಯಕ್ಕೆ ಅವನು ನೆಲದಡಿ ಕತ್ತಲೆಯ ಜಲಾಶಯ ಮಾಡಿಸಿದ. ಅದು ಮೇಲಿನ ತೊಟ್ಟಿಗಳೆಲ್ಲ ಸೇರಿದರೂ ಅವಕ್ಕಿಂತ ಹಲವು ಪಟ್ಟು ದೊಡ್ಡದು. ಉಗಿಯಂತ್ರ ಅಲ್ಲಿಂದ ನೀರೆತ್ತುತ್ತಿತ್ತು. ಕಾಣುವ ನೀರಿಗಿಂತ ಕಾಣದ ನೀರು ಹೆಚ್ಚಿರಬೇಕೆಂದು ಅವನಿಗೆ ಗೊತ್ತಿತ್ತು.

ನನಗೆ ಗೊತ್ತಿದ್ದೂ ಗೊತ್ತಿರಲಿಲ್ಲ. 200 ಲೀಟರಿನ ಸಂಪು ತಂದು ಅರ್ಧ ತುಂಬಿಸಿದೆವು. ಪಂಪಿನ ಕೊಳವೆಯ ಬಾಯನ್ನು ಗಾಜಿನ ತೊಟ್ಟಿಯ ತಳದಿಂದ ನಾಲ್ಕೇ ಅಂಗುಲ ಮೇಲೆ ಬಿಟ್ಟೆವು. ತಳದ ಕಸ ಏಳಲಿ ಎಂದು. ಮೂರು ದಿನ ಎಲ್ಲ ಸುಸೂತ್ರ. ನಾಲ್ಕನೆಯ ರಾತ್ರಿ ಕರೆಂಟು ಹೋಯಿತು.

ಚಿಮಣಿ ಎಣ್ಣೆಯ ಡಬ್ಬಿಗೆ ರಬ್ಬರ್ ಕೊಳವೆ ಇಟ್ಟು ಬಾಯಿಂದ ಒಮ್ಮೆ ಜಗ್ಗಿದರೆ ಎಣ್ಣೆ ತಾನಾಗಿ ಇಳಿಯುತ್ತದಲ್ಲ, ಹಾಗೇ ಆಯಿತು. ಪಂಪು ನಿಂತ ಕೂಡಲೇ ನೀರು ಬಂದ ಕೊಳವೆಯಲ್ಲೇ ಹಿಂದಕ್ಕೆ ಹೊರಟಿತು. ಬೆಳಿಗ್ಗೆ ಎದ್ದು ನೋಡಿದರೆ ಪಡಸಾಲೆಯ ತೊಟ್ಟಿಯಲ್ಲಿ ನಾಲ್ಕಂಗುಲ ನೀರು, ಅದರಲ್ಲಿ ಒಂದರ ಮೇಲೊಂದು ಬಿದ್ದ ಮೀನುಗಳು. ಎರಡು ಸತ್ತಿದ್ದವು. ಹಿತ್ತಲ ಕೋಣೆಯ ತುಂಬ ನೀರು ನಿಂತು ಬಿತ್ತನೆಗೆ ಇಟ್ಟ ಎರಡು ಚೀಲ ಜೋಳ ತೊಯ್ದು ಹೋಗಿದ್ದವು. ಮನೆಯಾಕೆ ಬೈಯಲಿಲ್ಲ. ಜೋಳವನ್ನು ಅಂಗಳದಲ್ಲಿ ಹರವುತ್ತ, "ನಿಮ್ಮ ಬಾದಶಹಾಗೋಳಿಗೆ ಇದು ತಿಳದಿತ್ತೇನ ಕೇಳ್ರಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅವರಿಗೆ ತಿಳಿದಿತ್ತು. ಗೋಪುರದಲ್ಲಿ ನೀರಿನ ಎಳೆಯನ್ನು ಕಡಿದು ಗಾಳಿಗೆ ತೆರೆದರೆ ಆಚೆಯ ನೀರು ಈಚೆಯದನ್ನು ಜಗ್ಗಲಾರದು. ಗಂಜಿನ ವಿಷಯ ಊರಿಗೆಲ್ಲ ಹೇಳಿದ ನಾನು ಮನೆಯ ಕೊಳವೆಗೆ ಒಂದು ತೂತು ಇಡುವುದನ್ನು ಮರೆತಿದ್ದೆ.

ಮೊಮ್ಮಗನೂ ನಾನೂ ಕಾಗದ ಪೆನ್ಸಿಲು ಹಿಡಿದು ಕೂತೆವು. ತೊಟ್ಟಿಯ ಒಂದಂಗುಲ ನೀರೆಂದರೆ 28 ಲೀಟರು. ಕೊಳವೆಯ ಬಾಯನ್ನು ನೀರಿನ ಮಟ್ಟದಿಂದ ಒಂದೇ ಅಂಗುಲ ಕೆಳಗಿಟ್ಟು, ಮಟ್ಟಕ್ಕೆ ತುಸು ಕೆಳಗೆ ಸಣ್ಣ ತೂತು ಕೊರೆದೆವು. ನೀರು ಅಲ್ಲಿಗೆ ಇಳಿದರೆ ಗಾಳಿ ಒಳಹೊಕ್ಕು ಎಳೆತ ಮುರಿಯುತ್ತದೆ. ತೂತು ಕಟ್ಟಿದರೂ ಇಳಿಯುವುದು 28 ಲೀಟರು. ಕೊಳವೆಗಳಲ್ಲಿ ನಿಂತ ನೀರು ಸೇರಿಸಿ ಲೆಕ್ಕ ಹಾಕಿ, ಸಂಪಿನಲ್ಲಿ 100 ಲೀಟರಿನ ಜಾಗ ಖಾಲಿ ಬಿಡುವುದೆಂದು ಗೆರೆ ಎಳೆದೆವು. ಹಿಂದಿರುಗದಂತೆ ತಡೆಯುವ ವಾಲ್ವು ಹಾಕೆಂದು ಅಂಗಡಿಯವನು ಹೇಳಿದ್ದ. ಹಾಕಿದೆವು, ಆದರೆ ಅದರೊಂದರ ಮೇಲೆ ನನಗೆ ನಂಬಿಕೆಯಿಲ್ಲ. ಒಂದು ಹರಳು ಸಿಕ್ಕಿದರೆ ಬಾಯಿ ಮುಚ್ಚುವುದಿಲ್ಲ. ಇಳಿಯುವ ಕೊಳವೆಗೆ ನಾಲ್ಕಡಿಗೆ ಒಂದಂಗುಲ ಇಳಿಜಾರು ಕೊಟ್ಟೆವು. ಗಾಳಿ ಸಿಕ್ಕಿ ಗೊಳಗೊಳ ಎನ್ನುತ್ತಿದ್ದ ಮೂಲೆಯಲ್ಲಿ ತಲೆ ತೆರೆದ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿದೆವು. ಮೊಮ್ಮಗ ಅದರ ಮೇಲೆ ಬಣ್ಣದಲ್ಲಿ "ಗಂಜ್" ಎಂದು ಬರೆದಿದ್ದಾನೆ.

ಈಗ ಕರೆಂಟು ಹೋದರೆ ಮನೆಯಲ್ಲಿ ಎಲ್ಲರೂ ಒಂದು ಗಳಿಗೆ ಮಾತು ನಿಲ್ಲಿಸುತ್ತೇವೆ. ತೂತು ಸುರ್ ಎಂದು ಗಾಳಿ ಎಳೆದುಕೊಳ್ಳುವ ಸದ್ದು ಕೇಳಬೇಕು. ಕೇಳಿದ ಮೇಲೆ ಹುಡುಗ ಬ್ಯಾಟರಿ ಹಿಡಿದು ಹಿತ್ತಲ ಕೋಣೆಗೆ ಓಡುತ್ತಾನೆ. "ಗೆರಿ ದಾಟಿಲ್ಲಜ್ಜಾ!" ಎಂದು ಅಲ್ಲಿಂದಲೇ ಕೂಗುತ್ತಾನೆ. ಜೋಳದ ಚೀಲಗಳನ್ನು ಮಾತ್ರ ನಮ್ಮ ಮನೆಯಾಕೆ ಇನ್ನೂ ಹೊರಸಿನ ಮೇಲಿಂದ ಇಳಿಸಿಲ್ಲ.