ಚಿಮುಟದ ಕಿತಾಪತಿ

ಕಾದ ಕಾವಲಿಗೆ ನೀರುದೋಸೆ ಹಿಟ್ಟು ಎರಚೋದನ್ನ ಉಡುಪಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಮಣಿಪಾಲದ ಎಂಐಟಿಯ ಭೌತಶಾಸ್ತ್ರದವರು ಸತುವಿನ ಆಕ್ಸೈಡಿನ ತೆಳುಪದರ ಮಾಡಿದ್ದೂ ಹೆಚ್ಚುಕಡಿಮೆ ಹೀಗೇ :-) ಬಿಸಿ ಗಾಜಿನ ಮೇಲೆ ಸತುವಿನ ಲವಣದ ದ್ರಾವಣ ಸಿಂಪಡಿಸಿದರೆ ಆಯ್ತು. ಕಣ್ಣಿಗೆ ಕಾಣುವ ಬೆಳಕೆಲ್ಲ ಹಾದುಹೋಗುವ ಪಾರದರ್ಶಕ ಅರೆವಾಹಕ ಅದು.

ಇದಕ್ಕೆ ಚೂರು ಮ್ಯಾಂಗನೀಸ್ ಬೆರೆಸಿದರೆ ಅಯಸ್ಕಾಂತವೂ ಆಗುತ್ತಾ? ಕಂಪ್ಯೂಟರಿನಲ್ಲಿ ಲೆಕ್ಕ ಮಾಡೋದು ಅರೆವಾಹಕ, ಹಾರ್ಡ್ ಡಿಸ್ಕಿನಲ್ಲಿ ನೆನಪಿಡೋದು ಅಯಸ್ಕಾಂತ. ಎರಡೂ ಒಂದೇ ವಸ್ತುವಿನಲ್ಲಿ ಸಿಕ್ಕರೆ... ಆಸೆ ಇದ್ದದ್ದು ಅಲ್ಲಿ.

2000ದಲ್ಲಿ ಪೋಲೆಂಡಿನ ಡೀಟ್ಲ್ ಮತ್ತು ಸಂಗಡಿಗರು ಲೆಕ್ಕ ಹಾಕಿ, ಕೋಣೆಯ ಉಷ್ಣತೆಯಲ್ಲೇ ಇದು ಸಾಧ್ಯ ಅಂದರು. ಆದರೆ ಪದರದಲ್ಲಿ ಧನ ವಿದ್ಯುದಂಶದ 'ರಂಧ್ರ'ಗಳು ಹೇರಳವಾಗಿರಬೇಕು ಅನ್ನೋದು ಷರತ್ತು. ಸತುವಿನ ಆಕ್ಸೈಡಿನಲ್ಲಿ ಅದೇ ಕಷ್ಟ. ಆದರೂ 2003ರಲ್ಲಿ 'ನೇಚರ್ ಮೆಟೀರಿಯಲ್ಸ್'ನಲ್ಲಿ 'ಆಯ್ತು' ಅಂತ ಪ್ರಬಂಧ ಬಂತು. ಜಗತ್ತಿನ ಲ್ಯಾಬುಗಳೆಲ್ಲ ಇದರ ಹಿಂದೆ ಬಿದ್ದವು.

2005ರಲ್ಲಿ ನಮ್ಮ ಬೆಂಗಳೂರಿನ ಜಕ್ಕೂರಿನಿಂದ, ಜವಾಹರಲಾಲ್ ನೆಹರು ಕೇಂದ್ರದ ಸಿ.ಎನ್.ಆರ್. ರಾವ್ ಮತ್ತು ದೀಪಕ್ ಒಂದು ಪ್ರಬಂಧ ಬರೆದರು. ಮ್ಯಾಂಗನೀಸ್ ಬೆರೆಸಿದರೂ, ಕೋಬಾಲ್ಟ್ ಬೆರೆಸಿದರೂ ಅಯಸ್ಕಾಂತತೆ ಇಲ್ಲ!

ಹಾಗಾದರೆ ಬೇರೆಯವರು ಅಳೆದದ್ದು ಏನನ್ನ? ಅದೇ ವರ್ಷ ಅಮೆರಿಕದಲ್ಲಿ ಹಾಫ್ನಿಯಂ ಆಕ್ಸೈಡಿನ ಪದರಗಳನ್ನು ಪರೀಕ್ಷಿಸಿದವರಿಗೆ ಒಂದು ತಮಾಷೆ ಕಂಡಿತು. ಸ್ಟೀಲ್ ಚಿಮುಟದಲ್ಲಿ ಹಿಡಿದ ತುಣುಕುಗಳಲ್ಲಿ ಮಾತ್ರ ಅಯಸ್ಕಾಂತತೆ! ಅಂಟಿಕೊಂಡ ಕಣ್ಣಿಗೆ ಕಾಣದಷ್ಟು ಕಬ್ಬಿಣವೇ ಸಾಕಾಗಿತ್ತು. ಪದರ ಅಷ್ಟು ತೆಳು, ಸಿಗುವ ಸಂಕೇತ ಅಷ್ಟು ಕ್ಷೀಣ.

ಎಲ್ಲರ ತಪ್ಪೂ ಚಿಮುಟದ್ದೇ ಅಂತಲ್ಲ, ವಾದ ಆಮೇಲೂ ನಡೆಯಿತು. ಆದರೆ ಊರೆಲ್ಲ 'ಹೌದು' ಅನ್ನುವಾಗ 'ನಮಗೆ ಸಿಗಲಿಲ್ಲ' ಅಂತ ಅಚ್ಚು ಹಾಕಿಸೋದೂ ವಿಜ್ಞಾನದ ಕೆಲಸವೇ. ಏನಂತೀರಿ?