ಬ್ರಿಟನ್ನಿನ ಬಾನುಲಿ ಹಾಸ್ಯ ಕಾರ್ಯಕ್ರಮಗಳು

ಬ್ರಿಟನ್ನಿನಲ್ಲಿ ಬಿಬಿಸಿ 1922ರಲ್ಲಿ ಪ್ರಸಾರ ಆರಂಭಿಸಿದ ಬೆನ್ನಿಗೇ ಬಾನುಲಿ ಹಾಸ್ಯವೂ ಶುರುವಾಯಿತು. ಆದರೆ ಮೊದಮೊದಲು ಅದು ರಂಗಮಂದಿರದ ವಿನೋದಗಾರರನ್ನು ಮೈಕಿನ ಮುಂದೆ ತಂದು ನಿಲ್ಲಿಸುವುದಷ್ಟೇ ಆಗಿತ್ತು. ಬಾನುಲಿಗೆಂದೇ ಹೆಣೆದ ವಾರದ ಹಾಸ್ಯ ಸರಣಿ ಎಂದಾಗ ಸಾಮಾನ್ಯವಾಗಿ ಮೊದಲು ಹೆಸರಿಸುವುದು 1938ರ ಜನವರಿಯಲ್ಲಿ ಬಂದ ‘ಬ್ಯಾಂಡ್ ವ್ಯಾಗನ್’ ಅನ್ನು. ಆರ್ಥರ್ ಆಸ್ಕಿ ಮತ್ತು ರಿಚರ್ಡ್ ಮರ್ಡಾಕ್ ಬಿಬಿಸಿ ಕಟ್ಟಡದ ಮೇಲೇ ಬಿಡಾರ ಹೂಡಿ ಮೇಕೆಯೊಂದನ್ನೂ ಸಾಕಿಕೊಂಡಿದ್ದಾರೆ ಎಂಬ ಕಲ್ಪನೆ ಕೇಳುಗರನ್ನು ಹಿಡಿದಿಟ್ಟಿತು. ಇದನ್ನೇ ಮೊದಲ ಸನ್ನಿವೇಶ ಹಾಸ್ಯ ಎನ್ನುವವರಿದ್ದಾರೆ. ಆ ಮಾತು ಪೂರ್ತಿ ಒಪ್ಪತಕ್ಕದ್ದಲ್ಲ. ಬಿಡಾರದ ಕಥೆ ಹಾಡು, ವಾದ್ಯಗೋಷ್ಠಿಗಳ ನಡುವಿನ ಒಂದು ಭಾಗ ಮಾತ್ರ.

ಟಾಮಿ ಹ್ಯಾಂಡ್ಲಿಯ ‘ಇಟ್ಸ್ ದಟ್ ಮ್ಯಾನ್ ಅಗೇನ್’ 1939ರಲ್ಲಿ ಆರಂಭವಾಗಿ ಯುದ್ಧಕಾಲದುದ್ದಕ್ಕೂ ದೇಶವನ್ನು ನಗಿಸಿತು. ಪ್ರತಿ ಪಾತ್ರಕ್ಕೂ ಒಂದು ಪಲ್ಲವಿ ಮಾತು ಇರುತ್ತಿತ್ತು. ಅದು ಕಿವಿಗೆ ಬಿದ್ದೊಡನೆ ಬಂದವರು ಯಾರೆಂದು ತಿಳಿಯುತ್ತಿತ್ತು. 1949ರ ಜನವರಿಯಲ್ಲಿ ಹ್ಯಾಂಡ್ಲಿ ತೀರಿಕೊಂಡಾಗ ಕಾರ್ಯಕ್ರಮವೂ ನಿಂತಿತು.

1951ರ ಮೇ 28ರಂದು ‘ಕ್ರೇಜಿ ಪೀಪಲ್’ ಎಂಬ ಹೆಸರಿನಲ್ಲಿ ಮೊದಲಾಗಿ, ಮರುವರ್ಷ ‘ದಿ ಗೂನ್ ಶೋ’ ಆದ ಸರಣಿಯದು ಬೇರೆಯೇ ದಾರಿ. ಅದರ ಮುಖ್ಯ ಲೇಖಕ ಸ್ಪೈಕ್ ಮಿಲಿಗನ್ ಹುಟ್ಟಿದ್ದು 1918ರಲ್ಲಿ, ಭಾರತದ ಅಹಮದ್‌ನಗರದಲ್ಲಿ. ಕಣ್ಣಿಗೆ ತೋರಿಸಲಾಗದ್ದನ್ನು ಕಿವಿಗೆ ಕಾಣಿಸುವುದೇ ಅವನ ಹಟ. ಸದ್ದು ಸರಿಯಾಗಿ ಬರಲೆಂದು ಕ್ಯಾಂಟೀನಿನಲ್ಲಿ ಕಸ್ಟರ್ಡ್ ಮಾಡಿಸಿ, ಕಾಲುಚೀಲಕ್ಕೆ ತುಂಬಿ ಹಲಗೆಗೆ ಬಡಿದನೆಂಬ ಕಥೆ ಪ್ರಸಿದ್ಧ. ಆದರೆ ಮೊದಲ ಮೂರು ಸರಣಿಗಳ ಧ್ವನಿಮುದ್ರಣ ಬಹುಪಾಲು ಉಳಿದಿಲ್ಲ. ಹಾಗಾಗಿ ಆರಂಭದಲ್ಲೇ ತಂಡ ಬಿಟ್ಟ ಮೈಕೆಲ್ ಬೆಂಟಿನ್‌ಗೆ ಸಲ್ಲಬೇಕಾದ ಪಾಲನ್ನು ಅಳೆಯುವುದು ಕಷ್ಟ. ಉಳಿದ ಮೂವರಾದ ಮಿಲಿಗನ್, ಪೀಟರ್ ಸೆಲರ್ಸ್, ಹ್ಯಾರಿ ಸೀಕಂಬ್ ಅವರಿಗೇ ಕೀರ್ತಿಯೆಲ್ಲ ಸಂದಿರುವುದಕ್ಕೆ ಈ ನಷ್ಟವೂ ಒಂದು ಕಾರಣ.

ನಿಜವಾದ ತಿರುವು ಕಾಣುವುದು 1954ರ ನವೆಂಬರಿನ ‘ಹ್ಯಾನ್‌ಕಾಕ್ಸ್ ಹಾಫ್ ಅವರ್’ನಲ್ಲಿ. ಅದರ ಲೇಖಕರಾದ ರೇ ಗಾಲ್ಟನ್ ಮತ್ತು ಆಲನ್ ಸಿಂಪ್ಸನ್, ಕಂತಿನ ನಡುವಿನ ಹಾಡುಗಳನ್ನು ತೆಗೆದುಹಾಕಿ ಅರ್ಧ ಗಂಟೆಯನ್ನೂ ಒಂದೇ ಕಥೆಗೆ ಮೀಸಲಿಟ್ಟರು. 1958ರ ಒಂದು ಕಂತಿನಲ್ಲಿ ಮಳೆಯ ಭಾನುವಾರ ಹೊತ್ತು ಹೋಗದ ಬೇಸರವಲ್ಲದೆ ಬೇರೇನೂ ನಡೆಯುವುದಿಲ್ಲ. ನಿಟ್ಟುಸಿರು, ಮೌನಗಳಲ್ಲೇ ನಗು ಹುಟ್ಟುತ್ತದೆ.

ಟೆಲಿವಿಷನ್ ಕೇಳುಗರನ್ನು ಸೆಳೆದುಕೊಂಡರೂ ಬಾನುಲಿ ಹಾಸ್ಯ ಬತ್ತಲಿಲ್ಲ. ‘ರೌಂಡ್ ದಿ ಹಾರ್ನ್’ (1965–68), 1967ರಿಂದ ‘ಜಸ್ಟ್ ಎ ಮಿನಿಟ್’, 1978ರಲ್ಲಿ ಡಗ್ಲಸ್ ಆಡಮ್ಸ್‌ನ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಬಂದವು. ಭಾರತೀಯ ಮೂಲದ ಕಲಾವಿದರ ‘ಗುಡ್‌ನೆಸ್ ಗ್ರೇಶಿಯಸ್ ಮಿ’ 1996ರಲ್ಲಿ ರೇಡಿಯೊ 4ರಲ್ಲಿ ಆರಂಭವಾಗಿ 1998ರಲ್ಲಿ ಟೆಲಿವಿಷನ್‌ಗೆ ಹೋಯಿತು.

ಗೂನ್, ಹ್ಯಾನ್‌ಕಾಕ್ ಸರಣಿಗಳ ಕಾಲದಲ್ಲಿ ಹಳೆಯ ಕಂತುಗಳನ್ನು ಜೋಪಾನವಾಗಿಡುವ ಪದ್ಧತಿ ಬಿಬಿಸಿಯಲ್ಲಿ ಇರಲಿಲ್ಲ. ಉಳಿದಿರುವ ಹಲವು ಕಂತುಗಳು ವಿದೇಶ ಪ್ರಸಾರಕ್ಕೆಂದು ಮಾಡಿದ ಪ್ರತಿಗಳಿಂದ, ಮನೆಯಲ್ಲೇ ಮುದ್ರಿಸಿಕೊಂಡ ಕೇಳುಗರಿಂದ ದೊರೆತವು. ಹ್ಯಾನ್‌ಕಾಕ್ ಸರಣಿಯ 1955ರ ಕಂತೊಂದು ಖಾಸಗಿ ಸಂಗ್ರಹದಲ್ಲಿ ಪತ್ತೆಯಾದದ್ದು 2022ರಲ್ಲಿ.