ಬೇಸತ್ತ ಉಪದೇಶಕನಿಗೆ ಅಗಸ್ಟೀನನ ಉತ್ತರ

ಕ್ರಿ. ಶ. 400ರ ಸುಮಾರಿನಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ ದೇಯೋಗ್ರಾಸಿಯಾಸ್ ಎಂಬ ಧರ್ಮಸೇವಕನಿದ್ದನು. ಕ್ರೈಸ್ತಮತದ ಮೊದಲ ಪಾಠವನ್ನು ಕೇಳಬಯಸಿದವರನ್ನು ಜನರು ಅವನ ಬಳಿಗೆ ಕರೆತರುತ್ತಿದ್ದರು. ಅವನು ಬೋಧನೆಯಲ್ಲಿ ಸಮರ್ಥನೆಂದು ಊರಿನ ಎಣಿಕೆ. ಅವನಿಗೆ ಮಾತ್ರ ತನ್ನ ಮಾತು ತನಗೇ ಸಪ್ಪೆಯಾಗಿ ತೋರುತ್ತಿದ್ದಿತು. ಎಲ್ಲಿ ಆರಂಭಿಸಬೇಕು, ಎಲ್ಲಿಗೆ ನಿಲ್ಲಿಸಬೇಕು, ಹೇಳಿದ್ದನ್ನೇ ಹೇಳುವ ಈ ಬೇಸರಕ್ಕೆ ಪರಿಹಾರವೇನು ಎಂದು ಅವನು ಹಿಪ್ಪೋ ಪಟ್ಟಣದ ಬಿಷಪನಾದ ಅಗಸ್ಟೀನನನ್ನು ಕೇಳಿದನು. ಬಂದ ಉತ್ತರವು ಒಂದು ಸಣ್ಣ ಗ್ರಂಥವೇ ಆಯಿತು.

ಉತ್ತರವಿತ್ತವನು ಶಾಲೆಯ ಕಷ್ಟವನ್ನು ಎರಡು ಕಡೆಯಿಂದಲೂ ಬಲ್ಲವನು. 354ರಲ್ಲಿ ತಗಾಸ್ತೆಯೆಂಬ ಸಣ್ಣ ಊರಿನಲ್ಲಿ ಹುಟ್ಟಿದ ಅಗಸ್ಟೀನನು ಬಾಲ್ಯದಲ್ಲಿ ಬೆತ್ತದ ಭಯದಿಂದ, ಇಂದು ಏಟು ತಪ್ಪಲೆಂದು ದೇವರನ್ನು ಬೇಡಿಕೊಳ್ಳುತ್ತಿದ್ದನಂತೆ. ಹೆತ್ತವರು ಆ ಬಾಸುಂಡೆಗಳನ್ನು ಕಂಡು ನಗುತ್ತಿದ್ದರಂತೆ. ದಾದಿಯರ ಲಾಲನೆಯಲ್ಲಿ ಕಲಿತ ಲ್ಯಾಟಿನ್ ನಾಲಗೆಗೆ ತಾನಾಗಿ ಬಂದಿತು; ಹೊಡೆದು ಕಲಿಸಿದ ಗ್ರೀಕ್ ಕಹಿಯಾಯಿತು. ಮುಂದೆ ಆತನೇ ಅಲಂಕಾರಶಾಸ್ತ್ರದ ಅಧ್ಯಾಪಕನಾದನು. 383ರಲ್ಲಿ ರೋಮಿಗೆ ಹೋದಾಗ, ಅಲ್ಲಿಯ ವಿದ್ಯಾರ್ಥಿಗಳು ಶುಲ್ಕ ಕೊಡುವ ಹೊತ್ತಿಗೆ ಗುಂಪಾಗಿ ಬೇರೊಬ್ಬ ಗುರುವಿನ ಬಳಿಗೆ ಜಾರಿಕೊಳ್ಳುವರೆಂಬುದು ತಿಳಿಯಿತು. ಈ ಜಾಣತನ ರೋಮಿಗೆ ಮಾತ್ರ ಮೀಸಲೆಂದು ನಾನು ಹೇಳಲಾರೆ. ಮರುವರ್ಷ ಆತನು ಸಂಬಳವುಳ್ಳ ಪೀಠವೊಂದನ್ನು ಹಿಡಿದು ಮಿಲಾನಿಗೆ ಹೊರಟುಹೋದನು. 387ರಲ್ಲಿ ಅಲ್ಲಿಯೇ ಆತನಿಗೆ ದೀಕ್ಷಾಸ್ನಾನವಾಯಿತು.

ದೇಯೋಗ್ರಾಸಿಯಾಸನಿಗೆ ಆತನು ಮೊದಲು ಹೇಳುವ ಸಮಾಧಾನವಿದು: ತನಗೂ ತನ್ನ ಮಾತು ಬಹುಮಟ್ಟಿಗೆ ಹಿಡಿಸುವುದಿಲ್ಲ. ಅರಿವು ಮಿಂಚಿನಂತೆ ಮನಸ್ಸಿನಲ್ಲಿ ಹೊಳೆದು ಮಾಯವಾಗುತ್ತದೆ. ಮಾತು ಅದರ ಹಿಂದೆ ನಿಧಾನವಾಗಿ ತೆವಳುತ್ತದೆ. ಆದರೆ ಹೇಳುವವನಿಗೆ ತೋರುವ ಕೊರತೆ ಕೇಳುವವನಿಗೆ ತೋರಬೇಕಾಗಿಲ್ಲ. ತೋರಿದ್ದರೆ ಜನ ಮತ್ತೆ ಮತ್ತೆ ಅವನಲ್ಲಿಗೆ ಹೊಸಬರನ್ನು ಏಕೆ ಕರೆತರುತ್ತಿದ್ದರು?

ಪುನರುಕ್ತಿಯ ಬೇಸರಕ್ಕೆ ಆತನು ಕೊಡುವ ಔಷಧ ನನಗೆ ಬಹಳ ಮೆಚ್ಚುಗೆಯಾದುದು. ನಾವು ದಿನವೂ ನಿರ್ಲಕ್ಷ್ಯದಿಂದ ಹಾದುಹೋಗುವ ಸುಂದರ ನಗರವನ್ನು ಎಂದೂ ನೋಡದ ಮಿತ್ರನಿಗೆ ತೋರಿಸುವಾಗ, ಅವನ ಸಂತೋಷದಿಂದ ಆ ನೋಟ ನಮಗೂ ಹೊಸದಾಗುತ್ತದೆ. ಸ್ನೇಹವು ಎಷ್ಟು ಗಾಢವೋ ಹಳೆಯದು ಅಷ್ಟು ನವೀನ. ಕಥನದಲ್ಲಿಯೂ ಎಲ್ಲವನ್ನೂ ಒದರಬಾರದು; ಮುಖ್ಯವಾದ ಕೆಲವನ್ನು ಆರಿಸಿ, ಸುರುಳಿಯನ್ನು ಬಿಚ್ಚಿದಂತೆ ನಿಧಾನವಾಗಿ ಬಿಚ್ಚಿ, ಕಣ್ತುಂಬ ನೋಡಗೊಡಬೇಕು.

ಇನ್ನು ಕೇಳುವವನ ಮೈಯನ್ನೂ ಆತನು ಮರೆಯಲಿಲ್ಲ. ಆಫ್ರಿಕದ ಸಭೆಗಳಲ್ಲಿ ಜನರು ನಿಂತೇ ಕೇಳುತ್ತಿದ್ದರು. ನಿಂತು ದಣಿದವನು ಆಕಳಿಸಿ, ನಾಚಿಕೆಯಿಂದ ಕಾರಣ ಹೇಳದೆ, ಮನಸ್ಸಿನಲ್ಲೇ ಹೊರಟುಹೋಗಿರುತ್ತಾನೆ. ಅವನಿಗೊಂದು ಆಸನ ಕೊಡು. ಸಾಧ್ಯವಾದರೆ ಮೊದಲಿನಿಂದಲೇ ಕೂರಿಸು. ಕಡಲಾಚೆಯ ಕೆಲವು ಸಭೆಗಳಲ್ಲಿ ಜನರೂ ಕುಳಿತು ಕೇಳುತ್ತಾರೆ, ಅದೇ ಲೇಸು ಎನ್ನುತ್ತಾನೆ. ಸ್ವಾಮಿಯ ಬೋಧೆಯನ್ನೇ ಒಬ್ಬ ಸ್ತ್ರೀ ಕುಳಿತು ಕೇಳಿದಳೆಂದು ನೆನಪಿಸುತ್ತಾನೆ. ಪಂಡಿತರಿಗೆ ಮಾತ್ರ ಬೇರೆ ಎಚ್ಚರಿಕೆ: ಅಲಂಕಾರಶಾಲೆಯಿಂದ ಬಂದವರು, ಪ್ರಾರ್ಥನೆಯಲ್ಲಿ ಬಿಷಪನು ವ್ಯಾಕರಣ ತಪ್ಪಿದರೆ ನಗದಿರುವುದನ್ನು ಕಲಿಯಬೇಕು. ಹಳೆಯ ಅಲಂಕಾರಾಚಾರ್ಯನೇ ಆಡಿದ ಮಾತಿದು!

ಇಷ್ಟೆಲ್ಲ ಉಪಾಯ ಹೇಳಿದವನೇ, ಮನುಷ್ಯನು ಮನುಷ್ಯನಿಗೆ ನಿಜವಾಗಿ ಕಲಿಸಬಲ್ಲನೇ ಎಂದು ಹಿಂದೆ ಸಂದೇಹಪಟ್ಟಿದ್ದನು. 389ರ ವೇಳೆಗೆ ಬರೆದ ‘ದೇ ಮಗಿಸ್ತ್ರೋ’ ಎಂಬ ಸಂವಾದದಲ್ಲಿ ಆತನೂ ಆತನ ಮಗ ಅದೇಯೋದಾತನೂ ಇದನ್ನು ಚರ್ಚಿಸುತ್ತಾರೆ. ಮಾತುಗಳು ಬರಿಯ ಸಂಕೇತಗಳು. ಸತ್ಯವನ್ನು ಒಪ್ಪುವವನು ಒಳಗಿರುವ ಗುರುವನ್ನು, ಎಂದರೆ ಕ್ರಿಸ್ತನನ್ನು, ಕೇಳಿ ಒಪ್ಪುತ್ತಾನೆ. ಉಪಾಧ್ಯಾಯನ ಅಭಿಪ್ರಾಯವನ್ನು ತಿಳಿಯಲೆಂದು ಯಾರು ತಾನೆ ಮಗನನ್ನು ಶಾಲೆಗೆ ಕಳುಹಿಸುತ್ತಾರೆ ಎಂದು ತಂದೆ ಕೇಳುತ್ತಾನೆ. ಮಗನು ಎಳೆಯ ವಯಸ್ಸಿನಲ್ಲೇ ತೀರಿಕೊಂಡನು. ಆ ಗ್ರಂಥದಲ್ಲಿ ಅವನ ಬಾಯಲ್ಲಿರುವ ವಿಚಾರಗಳೆಲ್ಲ ಹದಿನಾರನೆಯ ವಯಸ್ಸಿನಲ್ಲಿ ಅವನವೇ ಆಗಿದ್ದವೆಂದು ತಂದೆಯು ಅನಂತರ ಬರೆದಿಟ್ಟನು.

ಈ ಎರಡು ಗ್ರಂಥಗಳಿಗೆ ವಿರೋಧವಿದೆಯೆಂದು ನನಗೆ ತೋರುವುದಿಲ್ಲ. ಬೆಳಕು ಒಳಗಿನದಾದರೆ, ಹೊರಗಿನ ಗುರುವಿಗೆ ಉಳಿಯುವ ಕೆಲಸವೆಂದರೆ ಆಸನ ಹಾಕುವುದು, ಪ್ರಶ್ನೆ ಕೇಳುವುದು, ತಾನು ಪ್ರಸನ್ನನಾಗಿರುವುದು. ದೇಯೋಗ್ರಾಸಿಯಾಸನಿಗೂ ಆತನು ತತ್ತ್ವವನ್ನಷ್ಟೇ ಹೇಳಿ ಬಿಡಲಿಲ್ಲ. ಗ್ರಂಥದ ಕೊನೆಯಲ್ಲಿ ಎರಡು ಮಾದರಿ ಉಪದೇಶಗಳನ್ನು ಬರೆದು ಕಳುಹಿಸಿದನು: ಕಾರ್ಥೇಜಿನಲ್ಲಿ ಹೇರಳವಾಗಿದ್ದ, ಓದು ಬಾರದ ಪಟ್ಟಣಿಗನಿಗೆಂದು ದೀರ್ಘವಾದುದೊಂದು, ಹೊತ್ತಿಲ್ಲದಾಗ ಹೇಳಲೆಂದು ಚಿಕ್ಕದೊಂದು.